ವಿಚ್ಛೇದನದ ಕಾಲದಲ್ಲಿ ಕಾರು: ಆರ್‌ಸಿ, ಸಾಲ ಮತ್ತು ಒಂದು ಮೊಬೈಲ್ ಸಂಖ್ಯೆ

ದಾಂಪತ್ಯ ಮುರಿದಾಗ ಮನೆ, ಚಿನ್ನ, ಮಕ್ಕಳ ಪಾಲನೆ ಇವುಗಳ ಬಗ್ಗೆ ವಕೀಲರೂ ಬಂಧುಗಳೂ ಸಾಕಷ್ಟು ಮಾತನಾಡುತ್ತಾರಾದರೂ, ತಿಂಗಳ ಸಂಬಳದ ದೊಡ್ಡ ಪಾಲನ್ನು ನುಂಗುತ್ತ ಬಾಗಿಲಲ್ಲಿ ನಿಂತಿರುವ ಕಾರಿನ ವಿಚಾರ ಯಾರ ಮಾತಿನಲ್ಲೂ ಬರುವುದಿಲ್ಲ. ಗೋವೆಯನ್ನು ಬಿಟ್ಟರೆ ಭಾರತದಲ್ಲಿ ಗಂಡ ಹೆಂಡಿರ ಸೊತ್ತು ವಿಚ್ಛೇದನದೊಡನೆ ತಾನಾಗಿ ಸಮಪಾಲಾಗುವ ವ್ಯವಸ್ಥೆ ಇಲ್ಲ. ಆದ್ದರಿಂದ ಕಾರು ಸಾಮಾನ್ಯವಾಗಿ ನೋಂದಣಿ ಪ್ರಮಾಣಪತ್ರದಲ್ಲಿ, ಅಂದರೆ ಎಲ್ಲರೂ ಆರ್‌ಸಿ ಎನ್ನುವ ಕಾಗದದಲ್ಲಿ, ಯಾರ ಹೆಸರಿದೆಯೋ ಅವರದಾಗಿ ಉಳಿಯುತ್ತದೆ. ಸಾಲವು ಸಹಿ ಹಾಕಿದವರ ತಲೆಯ ಮೇಲೆಯೇ ಇರುತ್ತದೆ. ತವರಿನವರು ಮಗಳಿಗೆಂದು ಕೊಟ್ಟ ಕಾರಾದರೆ ಅದು ಸ್ತ್ರೀಧನ, ಅಂದರೆ ಅವಳೊಬ್ಬಳಿಗೇ ಸೇರಿದ ಸೊತ್ತು. ಇಷ್ಟು ತಿಳಿದವರೂ ಕಡೆಗಣಿಸುವ ಇನ್ನೊಂದು ಎಳೆ ಸಾರಿಗೆ ಇಲಾಖೆಯ ದಾಖಲೆಯಲ್ಲಿ ವಾಹನಕ್ಕೆ ಜೋಡಣೆಯಾದ ಮೊಬೈಲ್ ಸಂಖ್ಯೆ. ಹೆಸರು, ಸಾಲ, ಸಂಖ್ಯೆ ಈ ಮೂರನ್ನೂ ಬಿಡಿಸಿಕೊಳ್ಳದೆ ಅಗ್ಗದ ಕಾರನ್ನು ಹುಡುಕಹೊರಟವರಿಗೆ ಏನಾಗುತ್ತದೆ ಎಂಬುದಕ್ಕೆ ಪ್ರಸ್ತುತ ಲೇಖಕಿಯ ಅನುಭವವೇ ಸಾಕ್ಷಿ.

ಲೇಖಕಿಯ ದೊಡ್ಡ ಡೀಸೆಲ್ ಕಾರು ಅವಳ ಹೆಸರಿನಲ್ಲಿಯೇ ನೋಂದಣಿಯಾಗಿತ್ತು. ಕಂತನ್ನೂ ಅವಳೇ ಕಟ್ಟುತ್ತಿದ್ದಳು. ಬೇರೆ ಬಾಡಿಗೆ ಮನೆ ಮಾಡಿ ಮುಂಗಡ ಕಟ್ಟಿದ ಮೇಲೆ, ತಿಂಗಳಿಗೆ 21,000 ರೂಪಾಯಿಯ ಕಂತು ಹೊರುವ ಶಕ್ತಿ ಒಂದೇ ಸಂಬಳಕ್ಕೆ ಇರಲಿಲ್ಲ. ಆದರೂ ಕಾರು ಮಾರುವ ಮಾತೆತ್ತಿದಾಗ ದೊಡ್ಡಪ್ಪನಿಂದ ಬಂದ ಉತ್ತರ, "ಅಂಥಾ ಕಾರು ಬಿಟ್ಟು ಯಾವುದೋ ಡಬ್ಬಾ ಗಾಡೀಲಿ ಓಡಾಡಿದರೆ ಜನ ನೀನೇ ಸೋತೆ ಅಂದುಕೊಳ್ತಾರಮ್ಮ" ಎಂಬುದು. ಕಂತಿನ ಪೈಕಿ ಒಂದು ರೂಪಾಯಿಯನ್ನೂ ಕೊಡದವರು ಮರ್ಯಾದೆಯ ಲೆಕ್ಕವನ್ನು ಇಷ್ಟು ನಿಖರವಾಗಿ ಇಡುವುದು ನಮ್ಮ ಕುಟುಂಬಗಳ ಹಳೆಯ ಪದ್ಧತಿ.

ಪ್ರಕರಣ ನಡೆಯುತ್ತಿರುವಾಗ ಕಾರು ಮಾರುವುದು ಅಪರಾಧವಲ್ಲ, ಆದರೆ ಸದ್ದಿಲ್ಲದೆ ಮಾರುವುದು ಅಪಾಯಕಾರಿ. ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರಿನಲ್ಲಿ ನೀಡಿದ ತೀರ್ಪಿನ ಪ್ರಕಾರ, ಜೀವನಾಂಶದ ಅರ್ಜಿ ಇರುವಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ ಮತ್ತು ಸಾಲಗಳನ್ನು ಅಫಿಡವಿಟ್ಟಿನಲ್ಲಿ, ಅಂದರೆ ಪ್ರಮಾಣ ಮಾಡಿ ಸಲ್ಲಿಸುವ ಹೇಳಿಕೆಯಲ್ಲಿ, ಬಹಿರಂಗಪಡಿಸಬೇಕು. ವಾಹನವೂ ಆ ಆಸ್ತಿಯ ಪಟ್ಟಿಗೆ ಸೇರುತ್ತದೆ. ಪಟ್ಟಿಯಲ್ಲಿದ್ದ ಕಾರು ಮುಂದಿನ ತಾರೀಖಿನ ಹೊತ್ತಿಗೆ ಕಾಣೆಯಾದರೆ ಎದುರು ಪಕ್ಷದವರು ಅದನ್ನು ಆಸ್ತಿ ಮರೆಮಾಚುವಿಕೆ ಎಂದೇ ಬಣ್ಣಿಸುತ್ತಾರೆ. ಲೇಖಕಿಯ ವಕೀಲರು ಮಾರಾಟಕ್ಕೆ ಮುಂಚೆಯೇ ಮೆಮೊ, ಅಂದರೆ ನ್ಯಾಯಾಲಯಕ್ಕೆ ವಿಷಯ ತಿಳಿಸುವ ಸಣ್ಣ ಬರಹ, ಸಲ್ಲಿಸಿ, ಹಣವನ್ನು ಬ್ಯಾಂಕಿನ ಮೂಲಕವೇ ಪಡೆಯಬೇಕೆಂದು ಹೇಳಿದ್ದರು. ಆ ಹೊತ್ತಿಗೆ ಅತಿ ಎಚ್ಚರಿಕೆಯೆಂದು ತೋರಿದ ಈ ಕ್ರಮದ ಬೆಲೆ ಆಮೇಲೆ ತಿಳಿಯಿತು.

ಸಾಲದ ಮೇಲೆ ಕೊಂಡ ಕಾರಿನ ಆರ್‌ಸಿಯಲ್ಲಿ ಹೈಪಾಥಿಕೇಶನ್ ಎಂಬ ನಮೂದು ಇರುತ್ತದೆ. ವಾಹನವು ಸಾಲಕ್ಕೆ ಆಧಾರವಾಗಿದೆ ಎಂಬುದೇ ಇದರ ಅರ್ಥ. ಸಾಲ ತೀರಿದ ಮಾತ್ರಕ್ಕೆ ಇದು ಅಳಿಯುವುದಿಲ್ಲ. ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ನಮೂನೆ 35 ಸಲ್ಲಿಸಿ ಅದನ್ನು ತೆಗೆಸಬೇಕು. ಅನಂತರವೇ ನಮೂನೆ 29 ಮತ್ತು 30ರ ಮೂಲಕ ಕೊಳ್ಳುವವರ ಹೆಸರಿಗೆ ವರ್ಗಾಯಿಸಲು ಬರುತ್ತದೆ. ಬಳೆಗಳನ್ನು ಅಡವಿಟ್ಟು ಉಳಿದ ಸಾಲ ತೀರಿಸಿ, ಈ ಕಾಗದಗಳನ್ನೆಲ್ಲ ಜೋಡಿಸಿಕೊಂಡು, ಕೊಳ್ಳುವವರನ್ನೂ ಜೊತೆಗೆ ಕರೆದುಕೊಂಡು ಲೇಖಕಿ ಸಾರಿಗೆ ಕಚೇರಿಗೆ ಹೋದಳು.

ಅರ್ಜಿ ಅಲ್ಲಿ ಓಟಿಪಿಯ ಹಂತಕ್ಕೆ ಬಂದು ನಿಂತಿತು. ಸಂದೇಶ ಕಳುಹಿಸಲಾಗಿದೆಯೆಂದು ಪರದೆ ಹೇಳುತ್ತಿತ್ತು, ಆದರೆ ಲೇಖಕಿಯ ಮೊಬೈಲು ಸುಮ್ಮನಿತ್ತು. ಪರದೆಯ ಮೇಲೆ ಕಾಣಿಸುತ್ತಿದ್ದ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ನೋಡಿದಾಗ ಅವು ಪತಿಯ ಸಂಖ್ಯೆಯವೆಂದು ತಕ್ಷಣ ತಿಳಿಯಿತು: ಕಾರು ಕೊಂಡ ದಿನ ಶೋರೂಮಿನ ಅರ್ಜಿಗಳನ್ನೆಲ್ಲ ತುಂಬಿದ್ದು ಅವರೇ. ಕೌಂಟರಿನಲ್ಲಿದ್ದ ನೌಕರರು ತಲೆಯೆತ್ತದೆ, "ನಿಮ್ಮ ಮನೆಯವರ ನಂಬರ್ ತಾನೆ ಮೇಡಂ? ಫೋನ್ ಮಾಡಿ ಓಟಿಪಿ ಕೇಳಿ, ಅದರಲ್ಲೇನಿದೆ" ಎಂದರು. ಹಿಂದೆ ಸಾಲಿನಲ್ಲಿದ್ದವರಿಗೂ ಕೇಳುವಂತೆ, ಮನೆಯವರು ಈಗ ಮನೆಯವರಲ್ಲ ಎಂದು ವಿವರಿಸಬೇಕಾಗಿ ಬಂದಿತು. ವಿವರಿಸಿದ ಮೇಲೂ ಬಂದ ಉತ್ತರ, "ಹಾಗಾದ್ರೆ ಕೋರ್ಟಿಂದ ಆರ್ಡರ್ ತನ್ನಿ" ಎಂಬುದಾಗಿತ್ತು. ಆರ್‌ಸಿಯಲ್ಲಿ ಹೆಸರು ಲೇಖಕಿಯದು, ಸಾಲ ತೀರಿಸಿದ್ದು ಲೇಖಕಿ, ಆಧಾರ್ ಕಾರ್ಡು ಹಿಡಿದು ಎದುರಿಗೆ ನಿಂತಿರುವುದೂ ಲೇಖಕಿ. ಹೀಗಿದ್ದೂ ನ್ಯಾಯಾಲಯದ ಆದೇಶ ಯಾವುದಕ್ಕೆ ಬೇಕೆಂಬುದನ್ನು ಆ ನೌಕರರು ಇಂದಿಗೂ ಹೇಳಲಾರರು. ಅಷ್ಟರಲ್ಲಿ ಲೇಖಕಿಯ ಮೊಬೈಲು ಕೊನೆಗೂ ಸದ್ದು ಮಾಡಿತು. ಕರೆ ಪತಿಯದು. "ಆರ್‌ಟಿಒದಲ್ಲಿ ಏನು ನಡೆಸಿದ್ದೀಯ?" ಎಂಬ ಪ್ರಶ್ನೆ ಪಕ್ಕದಲ್ಲಿದ್ದ ಕೊಳ್ಳುವವರ ಕಿವಿಗೂ ಬಿದ್ದು, ಅವರು ಕೈಲಿದ್ದ ಕಾಗದಗಳನ್ನು ಮಡಚಿ ಚೀಲಕ್ಕೆ ಸೇರಿಸಿ, ಈ ಗಾಡಿಯ ತಂಟೆಯೇ ಬೇಡವೆನ್ನುವ ಮುಖ ಮಾಡಿದರು.

ಪರಿಹಾರವಾದರೋ ಅತ್ಯಂತ ಸರಳವಾಗಿತ್ತು. ವಾಹನ್ ಎಂಬ ಸರ್ಕಾರಿ ಜಾಲತಾಣದಲ್ಲಿ ಚಾಸಿ ಸಂಖ್ಯೆ, ನೋಂದಣಿ ದಿನಾಂಕ ಮುಂತಾದ ವಿವರಗಳನ್ನು ಕೊಟ್ಟು ಮೊಬೈಲ್ ಸಂಖ್ಯೆಯನ್ನು ಬದಲಿಸಿಕೊಳ್ಳುವ ಸೌಲಭ್ಯವಿದೆ. ಇದನ್ನು ತಿಳಿಸಿದ್ದು ಸಂಬಳ ಪಡೆಯುವ ನೌಕರರಲ್ಲ, ಕಚೇರಿಯ ಹೊರಗೆ ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ತುಂಬಿಕೊಡುವ ಹುಡುಗ. ಮುಂದಿನ ತಾರೀಖಿಗೆ ಎದುರು ವಕೀಲರು ನಿರೀಕ್ಷೆಯಂತೆಯೇ ಆಸ್ತಿ ಮರೆಮಾಚಲಾಗುತ್ತಿದೆ ಎಂದು ಎದ್ದುನಿಂತಾಗ, ಮೊದಲೇ ಕಡತ ಸೇರಿದ್ದ ಮೆಮೊ ಆ ವಾದವನ್ನು ಅಲ್ಲಿಯೇ ಕೂರಿಸಿತು.

ಈ ನಡುವೆ ದಲ್ಲಾಳಿಯೊಬ್ಬರು ಖಾಲಿ ನಮೂನೆಗಳಿಗೆ ಸಹಿ ಹಾಕಿ ಕಾರನ್ನು ಕೊಟ್ಟುಬಿಡುವಂತೆಯೂ, ಹೆಸರು ಬದಲಾವಣೆ ನಿಧಾನವಾಗಿ ಆಗುವುದೆಂದೂ ಸೂಚಿಸಿದ್ದರು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ, ಕಾರು ಕೈಯಿಂದ ಕೈಗೆ ಮಾರಾಟವಾಗಿ ಹೋಗಿದ್ದರೂ ದಾಖಲೆಯಲ್ಲಿ ಹೆಸರಿದ್ದ ಮೊದಲ ಮಾಲೀಕನೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ತೀರ್ಪಿತ್ತಿದೆ. ಲೇಖಕಿ ಸಹಿ ಹಾಕಲಿಲ್ಲ. ಆ ಹಟದ ಬಗ್ಗೆ ಅವಳಿಗೆ ಇಂದಿಗೂ ಹೆಮ್ಮೆಯಿದೆ.

ಸೆಕೆಂಡ್ ಹ್ಯಾಂಡ್ ಕಾರಿನ ಆಯ್ಕೆ ಇದಕ್ಕಿಂತ ಸುಲಭವಾಗಿತ್ತು. ದೆಹಲಿ ನೋಂದಣಿಯ ಡೀಸೆಲ್ ಕಾರುಗಳು ಕಡಿಮೆ ಬೆಲೆಗೆ ಕಾಣಸಿಗುತ್ತಿದ್ದುದಕ್ಕೆ ಅಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲಿದ್ದ ನಿರ್ಬಂಧವೂ ಒಂದು ಕಾರಣವಾಗಿತ್ತು. ಅವನ್ನು ಇಲ್ಲಿ ಮರುನೋಂದಣಿ ಮಾಡಿಸುವಾಗ ಕರ್ನಾಟಕದ ಜೀವಾವಧಿ ತೆರಿಗೆಯನ್ನೂ ಕಟ್ಟಬೇಕಾಗುವುದರಿಂದ ಅಗ್ಗದ ಆಸೆ ಅಲ್ಲಿಗೇ ಕರಗುತ್ತದೆ. 2022ರ ಸೆಪ್ಟೆಂಬರಿನ ಮಳೆಗೆ ಬೆಳ್ಳಂದೂರು, ಯಮಲೂರು ಕಡೆಯ ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿದ ಮೇಲೆ ಬೆಂಗಳೂರಿನಲ್ಲಿ ಇನ್ನೊಂದು ಪರೀಕ್ಷೆ ಅಗತ್ಯವಾಗಿದೆ. ಒಂದು ಮಳಿಗೆಯಲ್ಲಿ ಕನ್ನಡಿಯಂತೆ ಹೊಳೆಯುತ್ತಿದ್ದ ಕಾರಿನ ಹಿಂದಿನ ಸೀಟಿನ ಬೆಲ್ಟನ್ನು ಲೇಖಕಿಯ ಪರಿಚಯದ ಮೆಕ್ಯಾನಿಕ್ ತುದಿಯವರೆಗೂ ಎಳೆದಾಗ, ಸದಾ ಒಳಗೆ ಸುತ್ತಿಕೊಂಡಿರುವ ಕೊನೆಯ ಗೇಣಿನಲ್ಲಿ ಕೆಸರಿನ ಕಂದು ಗೆರೆ ಅಡ್ಡಲಾಗಿ ಮೂಡಿತ್ತು. ಸ್ಟೆಪ್ನಿ ಇಡುವ ಗುಂಡಿಯಲ್ಲಿಯೂ ತುಕ್ಕು. ಬೆಲೆ ಇಳಿಸುವ ಮಾತು ಆಗಲೇ ಶುರುವಾಯಿತಾದರೂ ಅಲ್ಲಿ ನಿಲ್ಲಬೇಕಾದ ಕಾರಣವಿರಲಿಲ್ಲ. ಉಳಿದಂತೆ ಟೈರಿನ ಪಕ್ಕದ ನಾಲ್ಕು ಅಂಕಿಗಳು ತಯಾರಿಯ ವಾರ ಮತ್ತು ವರ್ಷವನ್ನು ಹೇಳುತ್ತವೆ. ಎಂಜಿನ್ನನ್ನು ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು. ಬಾಕಿ ದಂಡಗಳನ್ನು ಆನ್‌ಲೈನಿನಲ್ಲಿ ನೋಡಿಕೊಳ್ಳಬೇಕು.

ಕೊನೆಗೆ ಒಬ್ಬರೇ ಮಾಲೀಕರ ಕೈಯಲ್ಲಿದ್ದ 2016ರ ಪೆಟ್ರೋಲ್ ವ್ಯಾಗನ್‌ಆರ್ ಲೇಖಕಿಯ ಪಾಲಿಗೆ ಬಂದಿತು. ಸೀಟು ಎತ್ತರದಲ್ಲಿರುವುದರಿಂದ ಮಂಡಿನೋವಿನ ತಾಯಿ ಹತ್ತಿ ಇಳಿಯುವುದು ಸಲೀಸು, ಬಿಡಿಭಾಗಗಳು ಊರೂರಲ್ಲಿ ಸಿಗುತ್ತವೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರಗಳಂತೆ ಮೂರನೆಯವರ ವಿಮೆಯ ಕಂತು 1,500 ಸಿಸಿ ಮೀರಿದ ಕಾರಿಗೆ ತೆರಿಗೆ ಬಿಟ್ಟು 7,897 ರೂಪಾಯಿ, 1,000 ಸಿಸಿ ಒಳಗಿನದಕ್ಕೆ 2,094 ರೂಪಾಯಿ. ಕ್ಲೇಮು ಮಾಡದ ವರ್ಷಗಳಿಗಾಗಿ ಸಿಗುವ ನೋ ಕ್ಲೇಮ್ ಬೋನಸ್ ಎಂಬ ರಿಯಾಯಿತಿ ಕಾರಿಗಲ್ಲದೆ ವಿಮೆದಾರರಿಗೆ ಸೇರಿದ್ದು. ಹಳೆಯ ವಿಮೆ ಲೇಖಕಿಯ ಹೆಸರಿನಲ್ಲಿದ್ದುದರಿಂದ ಆ ರಿಯಾಯಿತಿ ಅವಳೊಡನೆ ಚಿಕ್ಕ ಕಾರಿಗೂ ಬಂದಿತು.

ಹಳೆಯ ಕಾರಿನ ಫಾಸ್ಟ್ಯಾಗ್ ಮಾತ್ರ ಪತಿಯ ಖಾತೆಯದಾಗಿತ್ತು. ಟೋಲ್ ದಾಟಿದಾಗಲೆಲ್ಲ ಸಂದೇಶ ಖಾತೆದಾರರ ಮೊಬೈಲಿಗೆ ಹೋಗುವುದರಿಂದ, ಬೇರೆಯಾದ ಮೇಲೂ ತಿಂಗಳುಗಟ್ಟಲೆ ಲೇಖಕಿ ಯಾವ ದಿನ ಯಾವ ದಾರಿಯಲ್ಲಿ ಹೋದಳೆಂಬುದು ಇನ್ನೊಬ್ಬರಿಗೆ ತಿಳಿಯುತ್ತಲೇ ಇತ್ತು. ಈ ವಿಚಾರವನ್ನು ವಕೀಲರಾಗಲಿ ಬ್ಯಾಂಕಾಗಲಿ ಎತ್ತಲಿಲ್ಲ. ಕಾರು ಮಾರುವುದಕ್ಕಾಗಿ ಕಾಯದೆ, ಮನೆ ಬದಲಿಸಿದ ವಾರದಲ್ಲಿಯೇ ಗಾಜಿನ ಮೇಲಿನ ಆ ಚೀಟಿಯನ್ನು ಕಿತ್ತು ಸ್ವಂತ ಸಂಖ್ಯೆಗೆ ಬೇರೊಂದನ್ನು ಪಡೆಯುವುದು ಸಾಧ್ಯವಿತ್ತು.