ತಳ ನೋಡಿ ಕೊಂಡ ಕಾರು

ಕಾರವಾರದ ಕೋಡಿಬಾಗದ ಆ ಅಂಗಳದಿಂದ ಸಮುದ್ರ ಕಾಣುತ್ತಿರಲಿಲ್ಲ, ಕೇಳುತ್ತಿತ್ತು. ಮೂಲೆಯಲ್ಲಿ ಕೆಂಪು ಹ್ಯಾಚ್‌ಬ್ಯಾಕ್ ಕಾರೊಂದು ಮದುಮಗನ ಗತ್ತಿನಲ್ಲಿ ನಿಂತಿತ್ತು. ಟರ್ಬೊ ಇಂಜಿನ್, ಒಬ್ಬರೇ ಮಾಲೀಕರು, ಓಡಿದ್ದು 48 ಸಾವಿರ ಕಿಲೋಮೀಟರ್. ನಾನು ಬಾನೆಟ್ ಎತ್ತಲು ಹೋದೆ. ಅಂಕೋಲಾದಿಂದ ಜೊತೆಗೆ ಬಂದಿದ್ದ ಮೇಸ್ತ್ರಿ ತಡೆದರು. ಸ್ಕೂಟರಿನಿಂದ ಗೋಣಿಚೀಲ ತಂದು ಕಾರಿನ ಪಕ್ಕ ಹಾಸಿ, "ಮಲಗು ತಮಾ" ಎಂದರು.

"ಇಂಜಿನ್ ನೋಡೋದು ಬೇಡವಾ?"

"ದೋಣಿ ತಗೊಳ್ಳುವವ ಮೇಲಿನ ಬಣ್ಣ ನೋಡ್ತಾನಾ? ತಳ ನೋಡ್ತಾನೆ. ಇದೂ ಹಾಗೇ."

ಮಲಗಿದೆ. ಅವರು ಸ್ಕ್ರೂಡ್ರೈವರಿನ ಹಿಡಿಯಿಂದ ಬಾಗಿಲ ಕೆಳಗಿನ ಪಟ್ಟಿಯನ್ನು ತಟ್ಟುತ್ತ ಬಂದರು. ಠಣ್, ಠಣ್, ಠಣ್. ಹಿಂದಿನ ಚಕ್ರದ ಹತ್ತಿರ ಬಂದಾಗ ಸದ್ದು ಸತ್ತಿತು. ಹಿಡಿ ತಿರುಗಿಸಿ ಮೊನೆಯಿಂದ ಒತ್ತಿದರು. ಮೊನೆ ಸಲೀಸಾಗಿ ಒಳಗೆ ಹೋಯಿತು, ನನ್ನ ಅಂಗಿಯ ಮೇಲೆ ಕಂದು ಪುಡಿ ಉದುರಿತು.

ಉಪ್ಪಿಗಾಗಿ 1930ರಲ್ಲಿ ಸತ್ಯಾಗ್ರಹ ಮಾಡಿದ ಊರು ನಮ್ಮ ಅಂಕೋಲಾ. ಉಪ್ಪಿನ ಜೊತೆಗಿನ ನಮ್ಮ ವ್ಯವಹಾರ ಇನ್ನೂ ಮುಗಿದಿಲ್ಲ. ಮಳೆಗಾಲದ ನಾಲ್ಕು ತಿಂಗಳ ನೀರು, ಉಳಿದ ಎಂಟು ತಿಂಗಳ ಉಪ್ಪುಗಾಳಿ ಎರಡೂ ಸೇರಿ ಕಬ್ಬಿಣವನ್ನು ಒಳಗಿಂದ ತಿನ್ನುತ್ತವೆ. ಸೈಲೆನ್ಸರಿನ ಮೇಲಿನ ತುಕ್ಕು ದೊಡ್ಡ ವಿಷಯವಲ್ಲ, ಬದಲಿಸಬಹುದು. ಆದರೆ ಬಾಗಿಲ ಕೆಳಗಿನ ಪಟ್ಟಿ, ನೆಲದ ತಗಡು, ಸಸ್ಪೆನ್ಷನ್ ಕೂರುವ ಜಾಗ ಇವು ಕಾರಿನ ಎಲುಬು. ಎಲುಬು ಸವೆದ ಕಾರಿಗೆ ಇಂಜಿನ್ ಎಷ್ಟು ಚುರುಕಾಗಿದೆಯೋ ಅಷ್ಟು ಅಪಾಯ.

ಆ ಕಾರು ಬಿಟ್ಟೆವು. ಬಿಡುವಾಗ ನನ್ನ 15 ಸಾವಿರ ರೂಪಾಯಿಯನ್ನೂ ಬಿಟ್ಟು ಬಂದೆ. ಹಿಂದಿನ ರಾತ್ರಿ ಫೋನಿನಲ್ಲಿ ಫೋಟೊ ನೋಡಿ, "ನಾಳೆ ಬೇರೆಯವರು ಬರ್ತಾರೆ" ಎಂಬ ಮಧ್ಯವರ್ತಿಯ ಮಾತು ನಂಬಿ ಮುಂಗಡ ಕಳಿಸಿದ್ದೆ. ರಸೀದಿ ಇಲ್ಲ, ಷರತ್ತು ಇಲ್ಲ. ಈ ಅಂಕಣದಲ್ಲಿ ವರ್ಷಗಟ್ಟಲೆ ಊರಿಗೆಲ್ಲ ಬುದ್ಧಿ ಹೇಳಿದವನ ಕಥೆ ಇದು.

ಆಸೆಯ ಲೆಕ್ಕ

ಹಾಟ್ ಹ್ಯಾಚ್ ಎಂದರೆ ಸಣ್ಣ ಕಾರಿನ ಮೈಯಲ್ಲಿ ದೊಡ್ಡ ಕಾರಿನ ಉಸಿರು. ನನಗೆ ಈ ಹುಚ್ಚು ಹಿಡಿದದ್ದು 2001ರಲ್ಲಿ, ಫಿಯೆಟ್ ಪಾಲಿಯೊ 1.6 ಬಂದಾಗ. ಆಮೇಲೆ 2013ರಲ್ಲಿ 105 ಅಶ್ವಶಕ್ತಿಯ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ, 2015ರಲ್ಲಿ 145 ಅಶ್ವಶಕ್ತಿಯ ಅಬಾರ್ತ್ ಪುಂಟೊ, 2017ರಲ್ಲಿ ಮಾರುತಿ ಬಲೆನೊ ಆರ್‌ಎಸ್, 2018ರಲ್ಲಿ ಟಾಟಾ ಟಿಯಾಗೊ ಜೆಟಿಪಿ ಬಂದವು. ಹೆಚ್ಚು ಕಾಲ ಯಾವುದೂ ಉಳಿಯಲಿಲ್ಲ, ತುಸು ಹೆಚ್ಚು ಬಾಳಿದ್ದು ಪೋಲೊ. ಅದೂ 2022ಕ್ಕೆ ನಿಂತಿತು. ಹಾಗಾಗಿ ನಮ್ಮಂಥವರಿಗೆ ಉಳಿದದ್ದು ಹಳೆ ಕಾರಿನ ಬಾಜಾರು.

ಅಂಕೋಲಾದಿಂದ ಕಾರವಾರದ ಕಚೇರಿಗೆ ನಾನು ಬಸ್ಸಿನಲ್ಲೇ ಹೋಗುವವನು. ಕಾರು ಬೇಕಿದ್ದದ್ದು ವಾರದ ಕೊನೆಗೆ, ಅವ್ವಿಯನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ಯಲು, ಮತ್ತು ಸುಳ್ಳು ಏಕೆ, ಅರಬೈಲ್ ಘಟ್ಟ ಹತ್ತಲು. ತಿಂಗಳಿಗೆ ಸುಮಾರು ಸಾವಿರ ಕಿಲೋಮೀಟರ್. ಐದು ವರ್ಷ ಕೂಡಿಟ್ಟದ್ದು ನಾಲ್ಕು ಲಕ್ಷ. ಸಾಲ ಮಾಡಬಾರದೆಂದು ಹೆಂಡತಿಯ ಷರತ್ತು.

ಷರತ್ತು ಸರಿಯಾಗಿಯೇ ಇತ್ತು. ಹಳೆ ಕಾರಿನ ಸಾಲಕ್ಕೆ ಹೊಸ ಕಾರಿಗಿಂತ ಬಡ್ಡಿ ಜಾಸ್ತಿ. ಕಾರಿಗೆ ವಯಸ್ಸಾದಷ್ಟೂ ಸಾಲದ ಅವಧಿ ಕಮ್ಮಿ. ಎರಡೂವರೆ ಲಕ್ಷವನ್ನು ಶೇ 14ರ ಬಡ್ಡಿಗೆ ಮೂರು ವರ್ಷದ ಮಟ್ಟಿಗೆ ತಂದರೆ ತಿಂಗಳ ಕಂತು ಸುಮಾರು 8,540 ರೂಪಾಯಿ. ಬಡ್ಡಿ ಒಟ್ಟು 57 ಸಾವಿರ ದಾಟುತ್ತದೆ. ದಿನದಿನಕ್ಕೆ ಬೆಲೆ ಇಳಿಯುವ ವಸ್ತುವಿಗೆ, ಅದೂ ಶೋಕಿಯ ವಸ್ತುವಿಗೆ, ಇಷ್ಟು ಬಡ್ಡಿ ಕಟ್ಟುವುದು ಮಳೆಗಾಲದಲ್ಲಿ ಹಪ್ಪಳ ಒಣಗಿಸಿದ ಹಾಗೆ.

ಮೂರು ಕಡೆಯಿಂದ ಬರುವ ಕಾರುಗಳು

ಕಾರವಾರದ ಹಳೆ ಕಾರಿನ ವ್ಯಾಪಾರಕ್ಕೆ ಬೇರೆ ಊರಿನಲ್ಲಿ ಇಲ್ಲದ ಒಂದು ಲಕ್ಷಣವಿದೆ. ಅರಗಾದಲ್ಲಿ ಸೀಬರ್ಡ್ ನೌಕಾನೆಲೆ, ಆಚೆ ಕೈಗಾ ಅಣುಸ್ಥಾವರ. ವರ್ಗವಾಗಿ ಹೋಗುವವರು ಕಾರು ಮಾರಿ ಹೋಗುತ್ತಾರೆ. ಕೇರಳ, ಆಂಧ್ರ, ಮಹಾರಾಷ್ಟ್ರದ ನಂಬರಿನ, ಚೊಕ್ಕ ಇಟ್ಟುಕೊಂಡ ಕಾರುಗಳು. ಇನ್ನೊಂದು ಕಡೆ ಮಾಜಾಳಿ ದಾಟಿದರೆ ಗೋವಾ ನಂಬರಿನ ಕಾರುಗಳು. ಮೂರನೆಯದು ಘಟ್ಟದ ಮೇಲಿನವು.

ನೌಕಾಪಡೆಯವರೊಬ್ಬರ 2015ರ ಪೋಲೊ ಜಿಟಿ ಟಿಎಸ್‌ಐ ನೋಡಿದಾಗ ನನ್ನ ಕಾಲು ನಡುಗಿತು. ಹೇಳಿದ ಬೆಲೆ 3 ಲಕ್ಷ 90 ಸಾವಿರ, ಬೇರೆ ರಾಜ್ಯದ ನೋಂದಣಿ. ನಮ್ಮ ರಾಜ್ಯದ ಆಜೀವ ತೆರಿಗೆ ದೇಶದಲ್ಲೇ ದುಬಾರಿಯ ಸಾಲಿನದು: ಕಾರಿನ ಬೆಲೆಗೆ ತಕ್ಕಂತೆ ಶೇ 13ರಿಂದ 18. ಹಳೆ ಕಾರಿಗೆ ವಯಸ್ಸಿನ ಪ್ರಕಾರ ಕಡಿತವಿದ್ದರೂ ಈ ಕಾರಿಗೆ ಅರವತ್ತು ಸಾವಿರದ ಆಜುಬಾಜು ಬರುತ್ತಿತ್ತು. ಮೂಲ ರಾಜ್ಯದಿಂದ ಎನ್‌ಒಸಿ ತರಿಸಬೇಕು. ಅಲ್ಲಿ ಕಟ್ಟಿದ ತೆರಿಗೆ ವಾಪಸ್ ಪಡೆಯಲು ಅಲ್ಲಿಗೇ ಅಲೆಯಬೇಕು. ಅದರ ಏಳು ಗೇರಿನ ಡಿಎಸ್‌ಜಿ ಪೆಟ್ಟಿಗೆ ಬೆಣ್ಣೆಯ ಹಾಗೆ. ಆದರೆ ಹತ್ತು ವರ್ಷ ಹತ್ತಿರವಾದ ಅಂಥ ಪೆಟ್ಟಿಗೆ ಕೈ ಕೊಟ್ಟರೆ ಖರ್ಚು ಲಕ್ಷದ ಲೆಕ್ಕದಲ್ಲಿ. ಮುಂಗಡದಲ್ಲಿ ಹೋದ 15 ಸಾವಿರವನ್ನು ಲೆಕ್ಕ ಹಿಡಿಯದಿದ್ದರೂ ನನ್ನ ಹತ್ತಿರ ಉಳಿಯುತ್ತಿದ್ದದ್ದು 10 ಸಾವಿರ.

ಬಿಎಚ್ ನಂಬರಿನ ಕಾರು ಸಿಕ್ಕರೂ ಇದೇ ಎಚ್ಚರ ಇರಲಿ. ರಾಜ್ಯದಿಂದ ರಾಜ್ಯಕ್ಕೆ ವರ್ಗವಾಗುವವರಿಗೆಂದು 2021ರಲ್ಲಿ ಬಂದ ಆ ಸರಣಿಯಲ್ಲಿ ತೆರಿಗೆ ಕಟ್ಟುವುದು ಎರಡೆರಡು ವರ್ಷಕ್ಕೆ. ಆ ಸೌಲಭ್ಯಕ್ಕೆ ಅರ್ಹರಲ್ಲದ ನಾವು ಕೊಂಡರೆ ಇಲ್ಲಿನ ನಂಬರ್ ಮಾಡಿಸಿ ಬಾಕಿ ತೆರಿಗೆ ತುಂಬಬೇಕು.

ಗೋವಾ ನಂಬರಿನ ಬಲೆನೊ ಆರ್‌ಎಸ್‌ಗೂ ಅದೇ ತೆರಿಗೆಯ ಕಥೆ. "ನಂಬರ್ ಬದಲಿಸೋದೇ ಬೇಡ, ಗಡಿ ಇಲ್ಲೇ ಇದೆಯಲ್ಲ" ಎನ್ನುವವರು ನಮ್ಮಲ್ಲಿ ಬಹಳ. ಬೇರೆ ರಾಜ್ಯದ ಗಾಡಿ 12 ತಿಂಗಳು ಮೀರಿ ಇಲ್ಲೇ ಉಳಿದರೆ ಇಲ್ಲಿನ ನೋಂದಣಿ ಮಾಡಿಸಲೇಬೇಕು ಎನ್ನುತ್ತದೆ ಕಾನೂನು. ಇನ್ನು ಬಲೆನೊ ಆರ್‌ಎಸ್ ಮಾದರಿಯ 7,213 ಕಾರುಗಳನ್ನು ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪ್ ತಪಾಸಣೆಗೆಂದು ಕಂಪನಿ 2023ರಲ್ಲಿ ವಾಪಸ್ ಕರೆದಿತ್ತು. ಯಾವ ಹಳೆ ಕಾರಾದರೂ ಸರಿ, ಚಾಸಿ ನಂಬರ್ ಹಿಡಿದುಕೊಂಡು ಇಂಥ ಕರೆ ಇತ್ತೇ, ಕೆಲಸ ಮುಗಿದಿದೆಯೇ ಎಂದು ಸರ್ವಿಸ್ ಸೆಂಟರಿನಲ್ಲಿ ಕೇಳಿ. ಕೇಳಲು ದುಡ್ಡು ಕೊಡಬೇಕಿಲ್ಲ.

ಗೋವಾದ ಮಾತು ಬಂತಲ್ಲ, ಪೆಟ್ರೋಲಿನದೂ ಹೇಳಿಬಿಡುತ್ತೇನೆ. ಕಾರವಾರದವರು ಗಡಿಯಾಚೆಯ ಪೋಳೆಗೆ ಹೋಗಿ ಟ್ಯಾಂಕ್ ತುಂಬಿಸುವುದುಂಟು. ಲೀಟರ್‌ಗೆ ಆರು ರೂಪಾಯಿ ಉಳಿಯಿತು ಎಂದಿಟ್ಟುಕೊಳ್ಳಿ. 35 ಲೀಟರಿಗೆ 210 ರೂಪಾಯಿ. ಹೋಗಿ ಬರಲು ಸುಮಾರು 30 ಕಿಲೋಮೀಟರ್. ಟರ್ಬೊ ಕಾರಿಗೆ ಎರಡು ಲೀಟರಿನ ಮೇಲೆ ಬೇಕು. ಉಳಿದ 210 ಅಲ್ಲೇ ಸುಟ್ಟಿತು. ಗೋವಾದಲ್ಲಿ ಬೇರೆ ಕೆಲಸವಿದ್ದಾಗ ತುಂಬಿಸಿಕೊಳ್ಳಿ, ಪೆಟ್ರೋಲಿಗೆಂದೇ ಹೋಗಬೇಡಿ.

ಯಲ್ಲಾಪುರದ ಮಾಸ್ತರು

ಕೊನೆಗೆ ಕಾರು ಸಿಕ್ಕಿದ್ದು ಯಲ್ಲಾಪುರದಲ್ಲಿ, ನಿವೃತ್ತ ಮಾಸ್ತರೊಬ್ಬರ ಮನೆಯಲ್ಲಿ. 2016ರ ಫೋರ್ಡ್ ಫಿಗೊ, ಒಂದೂವರೆ ಲೀಟರಿನ ಡೀಸೆಲ್, 100 ಅಶ್ವಶಕ್ತಿ, 215 ಎನ್ಎಂ ಟಾರ್ಕ್. ಡೀಸೆಲ್ ಫಿಗೊ ಹಾಟ್ ಹ್ಯಾಚೇ ಅಲ್ಲ ಎಂದು ತಕರಾರು ತೆಗೆಯುವವರಿದ್ದಾರೆ. ಅವರನ್ನು ಒಮ್ಮೆ ಅರಬೈಲ್ ಘಟ್ಟದಲ್ಲಿ ಲಾರಿಯ ಹಿಂದೆ ಮೂರನೇ ಗೇರಿನಲ್ಲಿ ಕೂರಿಸಬೇಕು.

ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿದ ಮೇಲೆ ಅದರ ಕಾರುಗಳನ್ನು ಕೊಳ್ಳಲು ಜನ ಹಿಂಜರಿದರು. ಜನ ಹಿಂಜರಿಯುವಲ್ಲೇ ಸಣ್ಣ ಜೇಬಿನವನಿಗೆ ಅವಕಾಶ. ಆದರೆ ಲೆಕ್ಕ ಎರಡೂ ಕಡೆ ಹಿಡಿಯಬೇಕು: ನಾಳೆ ನಾನು ಮಾರುವಾಗಲೂ ಜನ ಹಿಂಜರಿಯುತ್ತಾರೆ. ಹಾಗಾಗಿ ಮಾರುವ ಆಸೆಯಿಂದ ಕೊಳ್ಳಲಿಲ್ಲ, ಸವೆಯುವವರೆಗೆ ಓಡಿಸುವ ಲೆಕ್ಕದಲ್ಲಿ ಕೊಂಡೆ.

ಮೇಸ್ತ್ರಿ ಗೋಣಿಚೀಲ ಹಾಸಿದರು. ಎಲ್ಲ ಕಡೆ ಠಣ್ ಎಂದಿತು. ಘಟ್ಟದ ಮೇಲಿನ ಕಾರು, ಉಪ್ಪುಗಾಳಿ ತಾಗಿರಲಿಲ್ಲ. ಆಮೇಲೆ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೊನೆಯಲ್ಲಿ ಕೆಸರಿನ ಗೆರೆ ಇದೆಯೇ ನೋಡಿದರು. ಸ್ಟೆಪ್ನಿ ಎತ್ತಿ ಗುಂಡಿಯಲ್ಲಿ ಕೈಯಾಡಿಸಿದರು. 2019ರಲ್ಲಿ, ಮತ್ತೆ 2021ರ ಜುಲೈನಲ್ಲಿ ಗಂಗಾವಳಿ ಹೊಳೆ ಉಕ್ಕಿದ್ದನ್ನು ಕಂಡ ತಾಲ್ಲೂಕು ನಮ್ಮದು. ನೀರು ಕುಡಿದ ಕಾರನ್ನು ಮೇಲಿಂದ ತೊಳೆಯಬಹುದು, ಬೆಲ್ಟಿನ ಸುರುಳಿಯೊಳಗಿನ ಕೆಸರನ್ನು ತೊಳೆಯುವುದು ಯಾರಿಗೂ ನೆನಪಾಗುವುದಿಲ್ಲ.

ಮಾಸ್ತರು ಪ್ರತಿ ಸರ್ವಿಸಿನ ಬಿಲ್ಲನ್ನು ಹಾಜರಿ ಪುಸ್ತಕದಷ್ಟು ಶಿಸ್ತಿನಿಂದ ಇಟ್ಟಿದ್ದರು. 92 ಸಾವಿರ ಕಿಲೋಮೀಟರಿಗೆ ಬಿಲ್ಲೇ ಸಾಕ್ಷಿ. ಸಾಕ್ಷಿಯಿಲ್ಲದ 48 ಸಾವಿರಕ್ಕಿಂತ ಸಾಕ್ಷಿಯಿರುವ 92 ಸಾವಿರ ಮೇಲು. ಅವರು ಹೇಳಿದ್ದು 3 ಲಕ್ಷ 10 ಸಾವಿರ. ಟೈರಿನ ಮೇಲೆ 2217 ಎಂಬ ಅಂಕಿಯಿತ್ತು: 2017ರ 22ನೇ ವಾರದಲ್ಲಿ ತಯಾರಾದದ್ದು ಎಂದು ಅರ್ಥ. ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ಲು ಫೈಲಿನಲ್ಲಿ ಇರಲಿಲ್ಲ. ಇವೆರಡನ್ನು ಎದುರಿಗಿಟ್ಟು, ದನಿ ಏರಿಸದೆ ಕೇಳಿದೆ. 2 ಲಕ್ಷ 90 ಸಾವಿರಕ್ಕೆ ಒಪ್ಪಿದರು. ಇದು ನಡೆದದ್ದು 2025ರ ಜನವರಿಯಲ್ಲಿ.

ಕಾಗದಪತ್ರ ಹೇಳಿದರೆ ಬೇಸರ, ಹೇಳದಿದ್ದರೆ ನಷ್ಟ. ಫಾರಂ 29 ಮತ್ತು 30 ಸಹಿಯಾಗಬೇಕು. ಹಿಂದಿನವರ ಸಾಲವಿದ್ದರೆ ಬ್ಯಾಂಕಿನ ಪತ್ರದೊಂದಿಗೆ ಫಾರಂ 35. ಬಾಕಿ ದಂಡ, ಸಾಲದ ನಮೂದು ಎಲ್ಲವನ್ನೂ ಪರಿವಾಹನ್ ಜಾಲತಾಣದಲ್ಲಿ ಮೊದಲೇ ನೋಡಿಕೊಳ್ಳಿ. 2019ರ ಏಪ್ರಿಲ್‌ಗಿಂತ ಹಿಂದಿನ ಕಾರಿಗೆ ಎಚ್‌ಎಸ್‌ಆರ್‌ಪಿ ಫಲಕ ಹಾಕಿಸಿದ್ದಾರೆಯೇ ನೋಡಿ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಮಾಸ್ತರ ಶೇ 50ರ ನೋ ಕ್ಲೇಮ್ ಬೋನಸ್ ನನಗೂ ಸಿಗುತ್ತದೆಂದು ನಾನು ಭಾವಿಸಿದ್ದೆ. ಅದು ಕಾರಿನದಲ್ಲ, ಮನುಷ್ಯನದು. ಅವರ ಜೊತೆಗೇ ಹೋಯಿತು. ಇಂಜಿನಿನ ಗಾತ್ರವೂ ವಿಮೆಯನ್ನು ಮುಟ್ಟುತ್ತದೆ. 2022ರ ದರದ ಪ್ರಕಾರ 1,000 ದಾಟಿ 1,500 ಸಿಸಿವರೆಗಿನ ಕಾರಿಗೆ ಥರ್ಡ್ ಪಾರ್ಟಿ ಕಂತು 3,416 ರೂಪಾಯಿ, 1,500 ದಾಟಿದರೆ 7,897. ಹಳೆ ಪೋಲೊ ಜಿಟಿ ಟಿಡಿಐ 1.6 ಲೀಟರಿನದು. ಆಸೆಪಡುವವರು ಪ್ರತಿ ವರ್ಷದ ಈ ವ್ಯತ್ಯಾಸ ನೆನಪಿಡಿ.

ಎರಡನೇ ಬೆಲೆ

ಮೊದಲ ವರ್ಷದ ನನ್ನ ಲೆಕ್ಕ ಇದು: ನಾಲ್ಕು ಟೈರ್ 19,600 ರೂಪಾಯಿ. ಟೈಮಿಂಗ್ ಬೆಲ್ಟ್, ಆಯಿಲ್, ಕೂಲಂಟ್ 17,400. ಶಾಕ್ ಅಬ್ಸಾರ್ಬರ್ ಮತ್ತು ಬುಶ್ 14,500. ವಿಮೆ 11,200. ತಳಕ್ಕೆ ತುಕ್ಕು ತಡೆಯುವ ಲೇಪನ 6,500. ಬ್ಯಾಟರಿ 5,600. ಹೆಸರು ವರ್ಗಾವಣೆ ಮತ್ತು ಓಡಾಟ 3,800. ಒಟ್ಟು 78,600. ಅಂದರೆ ಕಾರಿನ ಬೆಲೆಯ ಕಾಲು ಭಾಗಕ್ಕಿಂತ ಹೆಚ್ಚು. ಕಳೆದ 15 ಸಾವಿರವನ್ನೂ ಸೇರಿಸಿದರೆ 3,83,600. ನಾಲ್ಕು ಲಕ್ಷದಲ್ಲಿ ಉಳಿದದ್ದು 16,400.

ಇದರಲ್ಲಿ ಯಾವುದೂ ಅನಿರೀಕ್ಷಿತವಲ್ಲ. ಹತ್ತು ವರ್ಷದ ಆಸುಪಾಸಿನ ಯಾವ ಕಾರಾದರೂ ಇದನ್ನು ಕೇಳುತ್ತದೆ. ಓಟದ ಕಾರು ಸ್ವಲ್ಪ ಗಟ್ಟಿಯಾಗಿ ಕೇಳುತ್ತದೆ. ಮಾರುವವನಿಗೆ ಕೊಡುವುದು ಮೊದಲ ಬೆಲೆ, ಗ್ಯಾರೇಜಿಗೆ ಕೊಡುವುದು ಎರಡನೇ ಬೆಲೆ. ಪೋಲೊ ಕೊಂಡಿದ್ದರೆ ಮೊದಲ ಬೆಲೆಗೇ ಜೇಬು ಬರಿದಾಗಿ, ಸವೆದ ಟೈರಿನಲ್ಲೇ ಮಳೆಗಾಲ ಕಳೆಯುತ್ತಿದ್ದೆ. ವೇಗದ ಕಾರಿಗೆ ಬಡ ಟೈರು, ಅದು ಉಳಿತಾಯವಲ್ಲ.

ಇಂಧನದಲ್ಲೂ ಗೆದ್ದೆ. ಲೀಟರಿಗೆ 20 ಕಿಲೋಮೀಟರ್ ಕೊಡುವ ಡೀಸೆಲ್ ಕಾರಿಗೆ ತಿಂಗಳಿಗೆ 50 ಲೀಟರ್, ಲೀಟರಿಗೆ 91 ರೂಪಾಯಿಯಂತೆ ಸುಮಾರು 4,550. ಲೀಟರಿಗೆ 14 ಕೊಡುವ ಟರ್ಬೊ ಪೆಟ್ರೋಲಿಗೆ 103ರಂತೆ 7,300ರ ಮೇಲೆ.

ಈಗ ಕೊಳ್ಳುವವರಿಗೆ ಎರಡು ಮಾತು. ಹಳೆ ಕಾರಿಗೆ ಶೇ 18 ಜಿಎಸ್‌ಟಿ ಎಂಬ ಸುದ್ದಿಗೆ ಹೆದರಬೇಡಿ. 2025ರ ಜನವರಿಯಿಂದ ಆ ದರ ಬಂದದ್ದು ನಿಜ, ಆದರೆ ಅದು ನೋಂದಾಯಿತ ವ್ಯಾಪಾರಿಯ ಲಾಭದ ಮೇಲೆ. ನಾನು ಮಾಸ್ತರಿಂದ ಕೊಂಡಂತೆ ಮನೆಯಿಂದ ಮನೆಗೆ ಹೋಗುವ ಕಾರಿಗೆ ಅದಿಲ್ಲ. ಇನ್ನು ಆ ವರ್ಷ ಸೆಪ್ಟೆಂಬರ್ 22ರಿಂದ ಹೊಸ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಹೊಸದು ಅಗ್ಗವಾದ ಮೇಲೆ ಹಳೆಯದಕ್ಕೆ ಹಿಂದಿನ ಬೆಲೆ ಕೇಳುವುದು ನ್ಯಾಯವಲ್ಲ. ಚೌಕಾಸಿಗೆ ಕೂತಾಗ ಇದನ್ನು ಮರೆಯದೆ ಹೇಳಿ.

ಉಳಿದದ್ದು ಒಂದೇ ನಿಯಮ. ಕೈಯಲ್ಲಿರುವುದರ ಮುಕ್ಕಾಲು ಪಾಲು ಮಾತ್ರ ಕಾರಿಗೆ, ಕಾಲು ಪಾಲು ಮೊದಲ ವರ್ಷಕ್ಕೆ. ನಾಲ್ಕು ಲಕ್ಷ ಇದ್ದರೆ ಮೂರು ಲಕ್ಷದ ಕಾರು ನೋಡಿ. ನೋಡದೆ ಒಂದು ರೂಪಾಯಿಯನ್ನೂ ಮುಂಗಡ ಕೊಡಬೇಡಿ. ನೋಡಲು ಹೋಗುವಾಗ ಹಳೆ ಅಂಗಿ ಹಾಕಿಕೊಂಡು, ಒಂದು ಗೋಣಿಚೀಲ ತೆಗೆದುಕೊಂಡು ಹೋಗಿ.