ಗರಗಸ ಎತ್ತುವ ಮೊದಲು

ನೋಡಪ್ಪಾ, ಹಳೆಯ ಕ್ಲಾಸಿಕಲ್ ಗಿಟಾರಿಗೆ ಅಲ್ಯೂಮಿನಿಯಂ ಕೋನ್ ಕೂರಿಸಿ ರೆಸೊನೇಟರ್ ಮಾಡಬೇಕು ಅಂತ ಹೊರಟಿದ್ದೀಯ. ಬೇಡ ಅನ್ನುವುದಿಲ್ಲ. ಆದರೆ ತಂತಿಗಳ ಎಳೆತ ಈಗ ಎಲ್ಲಿ ಬೀಳುತ್ತಿದೆ, ನಾಳೆ ಎಲ್ಲಿ ಬೀಳಬೇಕು ಅನ್ನುವುದು ಮೊದಲು ತಿಳಿದಿರಲಿ. ಅದು ತಿಳಿದರೆ ಮಿಕ್ಕಿದ್ದು ಮರಗೆಲಸ.

ಕ್ಲಾಸಿಕಲ್ ಗಿಟಾರಿನ ಬ್ರಿಡ್ಜನ್ನು ಮೇಲ್ಹಲಗೆಗೇ ಅಂಟಿಸಿರುತ್ತಾರೆ. ಆರು ನೈಲಾನ್ ತಂತಿಗಳ ಸುಮಾರು 40 ಕೆ.ಜಿ. ಎಳೆತವನ್ನು ಆ ತೆಳ್ಳನೆಯ ಹಲಗೆಯೇ ತಡೆಯಬೇಕು. ವರ್ಷಗಟ್ಟಲೆ ತಡೆದೂ ತಡೆದೂ ಅದು ಬ್ರಿಡ್ಜಿನ ಹಿಂದೆ ಉಬ್ಬಿ, ಮುಂದೆ ತಗ್ಗುತ್ತದೆ. ಒಳಗಿನ ಪಟ್ಟಿಗಳು ಬಿಟ್ಟುಕೊಳ್ಳುತ್ತವೆ. ರೆಸೊನೇಟರಿನಲ್ಲಿ ತಂತಿಗಳನ್ನು ಹಿಡಿದಿಡುವುದು ಬುಡದಲ್ಲಿರುವ ಟೇಲ್‌ಪೀಸ್. ಬ್ರಿಡ್ಜ್ ಕೋನಿನ ಮೇಲೆ ಕೂತು ಕೆಳಕ್ಕೆ ಒತ್ತುತ್ತದೆ, ಅಷ್ಟೆ. ನಾದ ಹೊರಡುವುದು ಮುಖ್ಯವಾಗಿ ಕೋನಿನಿಂದ. ಹಾಗಾಗಿ ಮೇಲ್ಹಲಗೆ ಸೋತು, ಕತ್ತು ಮಾತ್ರ ನೆಟ್ಟಗೆ ಉಳಿದಿರುವ ಗಿಟಾರ್ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಕತ್ತು ಬಾಗಿದ್ದರೆ ಆಸೆ ಬಿಟ್ಟುಬಿಡು.

ಸೌಂಡ್‌ಹೋಲಿನ ಅಂಚಿಗೆ ಟಾರ್ಚ್ ಹಿಡಿದು ನೋಡು. ಪದರ ಪದರವಾಗಿ ಕಂಡರೆ ಪ್ಲೈವುಡ್, ಧೈರ್ಯವಾಗಿ ಕೊಯ್ಯಬಹುದು. ಮೇಲಿನ ನಾರಿನ ಗೆರೆಗಳೇ ಅಂಚಿನಲ್ಲಿ ಕೆಳಗಿನ ತನಕ ಇಳಿದಿದ್ದರೆ ಅದು ಒಂದೇ ಮರದ ಹಲಗೆ. ಅದನ್ನು ಕೊಯ್ಯುವುದು ಅನ್ಯಾಯ. ಬಿಟ್ಟ ಪಟ್ಟಿಗಳನ್ನು ಮತ್ತೆ ಅಂಟಿಸಿದರೆ ಅದು ಇನ್ನೂ ಎಷ್ಟೋ ವರ್ಷ ನುಡಿದೀತು.

ಈ ಕೋನ್ ಹುಟ್ಟಿದ್ದು ಗಟ್ಟಿ ದನಿಯ ಹಸಿವಿನಿಂದ. 1920ರ ದಶಕದ ಅಮೆರಿಕದಲ್ಲಿ ತುತ್ತೂರಿ, ಡ್ರಮ್ಮುಗಳ ನಡುವೆ ಗಿಟಾರ್ ಕೇಳಿಸುತ್ತಲೇ ಇರಲಿಲ್ಲ. ಜಾರ್ಜ್ ಬೀಚಮ್ ಎಂಬ ವಾದಕನ ಒತ್ತಾಯಕ್ಕೆ, ಸ್ಲೊವಾಕಿಯಾ ಮೂಲದ ಜಾನ್ ಡೋಪ್ಯೇರಾ ಲಾಸ್ ಏಂಜಲಿಸ್‌ನಲ್ಲಿ ಮೂರು ಕೋನುಗಳ ಲೋಹದ ಗಿಟಾರ್ ಮಾಡಿದ. ನ್ಯಾಷನಲ್ ಕಂಪನಿ ಅದನ್ನು ಮಾರಾಟಕ್ಕೆ ತಂದಿತು. ಒಂದೇ ಕೋನಿನದು ಆಮೇಲೆ ಬಂತು. ಕೆಲವೇ ವರ್ಷಗಳಲ್ಲಿ ಎಲೆಕ್ಟ್ರಿಕ್ ಗಿಟಾರ್ ಮಾಡಿದ ಮೊದಲಿಗರಲ್ಲಿ ಅದೇ ಬೀಚಮ್ ಒಬ್ಬ. ಸದ್ದಿಗಾಗಿ ಈಗ ಯಾರಿಗೂ ಕೋನ್ ಬೇಕಿಲ್ಲ. ಅದರ ಕಂಚಿನ ದನಿ ಬೇಕು, ಅದಕ್ಕೇ ಅದು ಉಳಿದಿದೆ.

ಇನ್ನು ಅಳತೆ. ಇಲ್ಲಿ ಅವಸರ ಮಾಡಬೇಡ. ತಂತಿಯ ಉದ್ದ 650 ಮಿ.ಮೀ. ಇದ್ದರೆ ಬ್ರಿಡ್ಜಿನ ಸ್ಯಾಡಲ್ 12ನೇ ಫ್ರೆಟ್ಟಿನಿಂದ 325 ಮಿ.ಮೀ. ದೂರದಲ್ಲಿ, ಶ್ರುತಿ ಕೂಡಲು ಅದಕ್ಕಿಂತ ಒಂದೆರಡು ಮಿ.ಮೀ. ಹಿಂದೆ ಬರಬೇಕು. ಕೋನಿನ ನಡುಬಿಂದು ಸರಿಯಾಗಿ ಅದರ ಕೆಳಗೆ. ಅಲ್ಲಿಂದ ಸೌಂಡ್‌ಹೋಲಿನ ಅಂಚಿಗೆ ಸುಮಾರು 13 ಸೆಂ.ಮೀ. ಒಂಬತ್ತೂವರೆ ಇಂಚಿನ ಕೋನಿಗೆ ನಡುವಿನಿಂದ ಅಂಚಿಗೆ 12 ಸೆಂ.ಮೀ., ಕಷ್ಟಪಟ್ಟು ಕೂರುತ್ತದೆ. ಹತ್ತೂವರೆ ಇಂಚಿನದು ತೂತಿನೊಳಕ್ಕೇ ಚಾಚುತ್ತದೆ. ಚಿಕ್ಕದನ್ನೇ ತೆಗೆದುಕೊ. ಅದರ ಮೇಲಿನ ಲೋಹದ ಮುಚ್ಚಳ ಕೋನಿಗಿಂತ ಅಗಲ, ತೂತಿನ ಮೇಲೂ ಸ್ವಲ್ಪ ಬರುತ್ತದೆ; ಅದಕ್ಕೂ ಕಾಗದ ಕತ್ತರಿಸಿ ಇಟ್ಟು ನೋಡಿಕೊ.

ಕೊಯ್ದ ತೂತಿನ ಒಳಗೆ ಮರದ ಬಳೆ ಅಂಟಿಸಿ, ಅದರ ಅಂಚಿನ ಮೇಲೆ ಕೋನನ್ನು ಸುಮ್ಮನೆ ಇಡಬೇಕು. ಅಂಟು, ಸ್ಕ್ರೂ ಯಾವುದೂ ಬೇಡ, ತಂತಿಗಳ ಒತ್ತಡವೇ ಹಿಡಿದುಕೊಳ್ಳುತ್ತದೆ. ಬಳೆಯನ್ನು ಎಷ್ಟು ಆಳಕ್ಕೆ ಇಳಿಸಬೇಕು ಅನ್ನುವುದು ಊಹೆಯ ಮಾತಲ್ಲ. ಫ್ರೆಟ್ಟುಗಳ ಮೇಲೆ ನೇರ ಪಟ್ಟಿ ಇಟ್ಟು ಬ್ರಿಡ್ಜಿನ ತನಕ ಚಾಚಿ, ಸ್ಯಾಡಲ್ ಎಷ್ಟು ಎತ್ತರಕ್ಕೆ ಬರಬೇಕು ಅಂತ ಕಂಡುಕೊಂಡು ಆಮೇಲೆ ಗುರುತು ಹಾಕು. ಸ್ಯಾಡಲ್ ದಾಟಿದ ತಂತಿ ಟೇಲ್‌ಪೀಸಿನ ಕಡೆಗೆ ತುಸು ಇಳಿದಿರಬೇಕು. ಇಳಿಜಾರು ಸಾಲದಿದ್ದರೆ ದನಿ ಗೊರಗೊರ ಅನ್ನುತ್ತದೆ, ಹೆಚ್ಚಾದರೆ ಕೋನ್ ಕುಸಿಯುತ್ತದೆ. ಕೋನನ್ನು ಎತ್ತುವಾಗ ಅಂಚನ್ನಷ್ಟೇ ಹಿಡಿ. ಹೆಬ್ಬೆರಳು ನಡುವೆ ಒತ್ತಿದರೆ ಅಲ್ಲೇ ತಗ್ಗು ಬೀಳುತ್ತದೆ. ಮೇಲ್ಹಲಗೆಯ ಬಲ ಹೋಗಿರುವುದರಿಂದ ಕತ್ತಿನ ಬುಡದ ದಿಮ್ಮಿಯಿಂದ ಹಿಂದಿನ ದಿಮ್ಮಿಯ ತನಕ, ಕೋನಿಗೆ ತಗುಲದ ಹಾಗೆ, ಒಳಗೊಂದು ಗಟ್ಟಿ ಪಟ್ಟಿ ಕೊಡುವುದನ್ನು ಮರೆಯಬೇಡ.

ಸ್ಟೀಲ್ ತಂತಿ ಹಾಕುವ ಆಸೆ ನಿನಗೆ ಬಂದೇ ಬರುತ್ತದೆ. ಅದರ ಎಳೆತ ನೈಲಾನಿನ ಹೆಚ್ಚುಕಡಿಮೆ ಎರಡರಷ್ಟು. ಸಾಮಾನ್ಯ ಕ್ಲಾಸಿಕಲ್ ಗಿಟಾರಿನ ಕತ್ತಿನೊಳಗೆ ಕಬ್ಬಿಣದ ಸರಳಿರುವುದಿಲ್ಲ, ನೋಡುನೋಡುತ್ತಲೇ ಬಾಗುತ್ತದೆ. ನಮ್ಮ ಚಿತ್ರವೀಣೆಯ ಹಾಗೆ ಉರುಳೆ ಜಾರಿಸಿ ನುಡಿಸುವ ಮನಸ್ಸಿದ್ದರೆ ಅದಕ್ಕೆ ಬೇರೆ ಗಿಟಾರ್ ಹುಡುಕು. ನೈಲಾನಿನ ಮೇಲೆ ಉರುಳೆ ಸರಿಯಾಗಿ ನಿಲ್ಲುವುದಿಲ್ಲ. ಇದಕ್ಕೆ ನೈಲಾನೇ ಇರಲಿ, ಬೆರಳಲ್ಲೇ ನುಡಿಸು. ಸದ್ದು ಕೊಂಚ ಕಡಿಮೆ ಬಂದರೂ ಮೆತ್ತನೆಯ, ಲೋಹ ಬೆರೆತ ಒಂದು ದನಿ ಸಿಗುತ್ತದೆ.

ಗಿಟಾರಿಗೆ ಈಗಲೇ ಹೊಸ ತಂತಿ ಹಾಕಿ ಕೆಲವು ದಿನ ನುಡಿಸಿ ನೋಡು. ಆಮೇಲೂ ಕೊಯ್ಯಬೇಕು ಅನ್ನಿಸಿದರೆ ಕಾಗದದ ಅಚ್ಚು ಕತ್ತರಿಸಿಕೊಂಡು ಗಿಟಾರಿನ ಜೊತೆ ತೆಗೆದುಕೊಂಡು ಬಾ. ಗುರುತು ಇಬ್ಬರೂ ಕೂತು ಹಾಕೋಣ.