ಮರೆವಿನ ಕಾಯಿಲೆಗೆ ಟೆಲಿಮೆಡಿಸಿನ್ ನೆರವು

ಥಾಣೆ–ಬೇಲಾಪುರ ರಸ್ತೆಯ ಮಗ್ಗುಲಿನ ಮಹಾಪೆ ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಒಂದು ಕನ್ನಡ ಕುಟುಂಬವನ್ನು ಉದಾಹರಣೆಗಾಗಿ ಊಹಿಸಿಕೊಳ್ಳೋಣ. ವಿಜಯಪುರದ ಕಡೆಯ ಹಳ್ಳಿಯಿಂದ ಮಗನಲ್ಲಿಗೆ ಬಂದ, ಎಪ್ಪತ್ತು ದಾಟಿದ ತಾಯಿ ಉಂಡದ್ದನ್ನು ಅರೆಗಳಿಗೆಯಲ್ಲಿ ಮರೆಯುತ್ತಾರೆ. ಸಂಜೆಯಾದೊಡನೆ ಊರಿಗೆ ಹೊರಡುತ್ತೇನೆಂದು ಬಾಗಿಲು ತೆರೆಯುತ್ತಾರೆ. ಆಸ್ಪತ್ರೆಯ ಜನಜಂಗುಳಿಯಲ್ಲಿ ಅವರ ಗಾಬರಿ ಹೆಚ್ಚುತ್ತದೆ. ಮರಾಠಿ, ಹಿಂದಿ ಅವರಿಗೆ ತಿಳಿಯವು. ಕರೆದೊಯ್ಯುವ ಮಗನಿಗೆ ಒಂದು ದಿನದ ಸಂಬಳ ಖೋತಾ ಆಗುತ್ತದೆ. ಭಾರತದಲ್ಲಿ 60 ವರ್ಷ ಮೀರಿದವರ ಪೈಕಿ ಶೇ. 7.4ರಷ್ಟು ಜನರಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜು ಮಾಡಿದೆ. ಇಂಥವರಿಗೆ ಟೆಲಿಮೆಡಿಸಿನ್ ಎಷ್ಟರಮಟ್ಟಿಗೆ ನೆರವಾಗಬಲ್ಲದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲ ತಪಾಸಣೆ

ಎಲ್ಲ ಮರೆವೂ ಡಿಮೆನ್ಷಿಯಾ ಅಲ್ಲ. ಥೈರಾಯ್ಡ್ ಗ್ರಂಥಿಯ ದೌರ್ಬಲ್ಯ, ಬಿ-12 ಜೀವಸತ್ವದ ಕೊರತೆ, ಖಿನ್ನತೆ, ತಲೆಗೆ ಪೆಟ್ಟು ಬಿದ್ದು ಒಳಗೆ ಶೇಖರವಾದ ರಕ್ತ – ಇವುಗಳಿಂದಲೂ ಸ್ಮರಣಶಕ್ತಿ ಕುಂದುತ್ತದೆ. ಇವಕ್ಕೆ ಚಿಕಿತ್ಸೆ ಉಂಟು. ರಕ್ತಪರೀಕ್ಷೆಯಾಗಲಿ ಮಿದುಳಿನ ಸ್ಕ್ಯಾನ್ ಆಗಲಿ ದೂರವಾಣಿಯಲ್ಲಿ ಆಗುವಂಥವಲ್ಲ. ಆದುದರಿಂದ ಮೊದಲ ತಪಾಸಣೆ ವೈದ್ಯರ ಎದುರಿನಲ್ಲಿಯೇ ನಡೆಯುವುದು ಲೇಸು. ಸ್ಮರಣಶಕ್ತಿಯ ಪರೀಕ್ಷೆ ರೋಗಿಯ ಮಾತೃಭಾಷೆಯಲ್ಲಿದ್ದರೆ ಮಾತ್ರ ಫಲಿತಾಂಶ ನಂಬಲರ್ಹ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಸಿದ್ಧಪಡಿಸಿದ ಪರೀಕ್ಷೆಗಳು ಕನ್ನಡದಲ್ಲಿಯೂ ಇವೆ.

ರೋಗಿಯ ಪರವಾಗಿ ಸಮಾಲೋಚನೆ

ರೋಗ ನಿರ್ಣಯವಾದ ಮೇಲೆ ಪದೇ ಪದೇ ಪ್ರಯಾಣ ಮಾಡುವ ಅಗತ್ಯವನ್ನು ಟೆಲಿಮೆಡಿಸಿನ್ ತಗ್ಗಿಸುತ್ತದೆ. 2020ರ ಮಾರ್ಚ್ 25ರಂದು ಹೊರಡಿಸಲಾದ ಟೆಲಿಮೆಡಿಸಿನ್ ಮಾರ್ಗಸೂಚಿಗಳಲ್ಲಿ ಡಿಮೆನ್ಷಿಯಾ ರೋಗಿಗಳ ಉಲ್ಲೇಖವೇ ಇದೆ. ಇಂಥ ರೋಗಿ ಅಸಮರ್ಥರಾಗಿದ್ದಲ್ಲಿ, ಅವರ ಆರೈಕೆ ಮಾಡುವವರು ಅವರ ಪರವಾಗಿ ವೈದ್ಯರೊಡನೆ ಸಮಾಲೋಚಿಸಲು ಅಧಿಕಾರ ಪಡೆದವರೆಂದೇ ಭಾವಿಸಲಾಗುತ್ತದೆ. ರೋಗಿ ಜೊತೆಯಲ್ಲಿ ಕುಳಿತಿರಬೇಕೆಂಬ ಕಡ್ಡಾಯವಿಲ್ಲ. ತಾಯಿ ಮಲಗಿರುವಾಗ ಮಗ ಕಾರ್ಖಾನೆಯ ಬಿಡುವಿನಲ್ಲಿಯೇ ಮಾತನಾಡಬಹುದು.

ಕೇಂದ್ರ ಸರ್ಕಾರದ ಇ-ಸಂಜೀವನಿ ಸೇವೆಯ ಮೂಲಕ ವೈದ್ಯರ ಸಲಹೆ ಉಚಿತವಾಗಿ ದೊರೆಯುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಉನ್ನತ ಕೇಂದ್ರವಾಗಿದೆ. 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೂ ಮಾತನಾಡಬಹುದು.

ಕರೆಗೆ ಮುನ್ನ

1. ಹಿಂದಿನ ವಾರದ ನಿದ್ರೆ, ಊಟ, ಗಾಬರಿ, ಬಿದ್ದ ಪ್ರಸಂಗಗಳನ್ನು ದಿನಾಂಕ ಸಹಿತ ಬರೆದಿಡಬೇಕು.
2. ಸೇವಿಸುತ್ತಿರುವ ಎಲ್ಲ ಔಷಧಿಗಳನ್ನೂ ಹಳೆಯ ಚೀಟಿಗಳನ್ನೂ ಕೈಯಲ್ಲಿಟ್ಟುಕೊಳ್ಳಬೇಕು.
3. ರೋಗಿ ಜೊತೆಗಿದ್ದರೆ ಬೆಳಕಿರುವ, ಸದ್ದಿಲ್ಲದ ಕೋಣೆಯಲ್ಲಿ ಕುಳ್ಳಿರಿಸಿ, ಪರದೆಯಲ್ಲಿ ಕಾಣುವವರು ವೈದ್ಯರೆಂದು ಮೊದಲೇ ತಿಳಿಸಬೇಕು. ಕೇಳುವ ಯಂತ್ರ, ಕನ್ನಡಕ ಹಾಕಿಸಬೇಕು.
4. ಪ್ರಶ್ನೆಗೆ ರೋಗಿಯೇ ಉತ್ತರಿಸಲು ಸಮಯ ಕೊಡಬೇಕು. ಅವರ ತಪ್ಪುಗಳನ್ನು ಅವರ ಮುಂದೆಯೇ ಎಣಿಸಬಾರದು.

ಒಂದೆರಡು ದಿನಗಳಲ್ಲಿಯೇ ಗೊಂದಲ ಹಠಾತ್ತನೆ ಹೆಚ್ಚಿದರೆ, ಬಾಯಿ ಸೊಟ್ಟಗಾದರೆ, ಕೈಕಾಲು ಸ್ವಾಧೀನ ತಪ್ಪಿದರೆ, ಇಲ್ಲವೇ ತಲೆಗೆ ಪೆಟ್ಟು ಬಿದ್ದರೆ ಸಮಾಲೋಚನೆಗಾಗಿ ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯತಕ್ಕದ್ದು.

ಕಡೆಯದಾಗಿ, ಇರುಳೆಲ್ಲ ಎಚ್ಚರವಿದ್ದು ನೋಡಿಕೊಳ್ಳುವ ಸೊಸೆಯ ದಣಿವನ್ನೂ ಗಮನಿಸಬೇಕು. ಆಕೆ ತನ್ನ ಸಲುವಾಗಿಯೇ 14416ಕ್ಕೆ ಕರೆ ಮಾಡಬಹುದು. ಆರೈಕೆ ಮಾಡುವವರು ಕುಸಿದರೆ ರೋಗಿಗೆ ಆಸರೆಯೇ ಇಲ್ಲವಾಗುತ್ತದೆ.